ಗೋಡೆಯೊಳಗಿನ ಒಕ್ಕಲು

ಆ ದಿನ ಬೆಳಿಗ್ಗೆಯೂ ದೊಡ್ಡಮ್ಮನ ಎಡಗಿವಿಗೆ ಮಣ್ಣು ಹತ್ತಿತ್ತು. ಕಿವಿಯ ಮೇಲಂಚಿಗೆ, ಓಲೆ ತೆಗೆದಿಟ್ಟ ತೂತಿನ ಸುತ್ತ, ಅಲ್ಲಿಂದ ಕೆನ್ನೆಯ ಮೂಳೆಯವರೆಗೆ ಒಂದು ಗೀರು. ದಿನವೂ ಹತ್ತುತ್ತಿದ್ದ ಮಣ್ಣು ಅದು. ಹಿತ್ತಲಿನ ಗೋಡೆಗೆ ಬಿಸಿಲು ಬೀಳುವ ಹೊತ್ತಿಗೆ ಅವಳು ಹೋಗಿ, ಗೋಡೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಹೊಸದಾಗಿ ನೋಡಿದವರಿಗೆ ಪಕ್ಕದ ಮನೆಯ ಜಗಳ ಕದ್ದು ಕೇಳುತ್ತಿದ್ದಾಳೆ ಅನ್ನಿಸಬೇಕು. ಗೋಡೆಯೊಳಗೆ ದುಂಬಿಗಳಿದ್ದವು.

ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ನಾನು ಹಿರಿಯೂರಿಗೆ ಗಾರೆ ಕೆಲಸಕ್ಕೆ ಹೊರಟು, ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಎಲ್ಲಿಟ್ಟೆನೋ ಮರೆತ ಕರಣೆಯನ್ನು ಹುಡುಕುತ್ತಿದ್ದೆ.

"ಇವತ್ತು ಮೂರು ಬಾಗ್ಲು ಹಾಕ್ಕಂಡ್ವು ಕಣಪ್ಪ," ಎಂದಳು. "ಇನ್ನೆರಡು ಅವೆ. ಅವೂ ಹಾಕ್ಕಂಡ್ರೆ ಯುಗಾದಿ ಕಳಿಯೋಗಂಟ ಸದ್ದಿರಲ್ಲ."

"ಹ್ಞೂಂ."

"ಮಕ್ಕಳು ಒಳಗವೆ. ಗೋಡೆ ಮುಟ್ಟಬ್ಯಾಡ ಅಂತ ನಿನ್ ಹೆಂಡ್ತಿಗೂ ಹೇಳು. ಕೇಳಿಸ್ಕಂಡ್ಯಾ?"

"ಕೇಳಿಸ್ಕಂಡೆ ದೊಡ್ಡಮ್ಮ."

ಕೇಳಿಸಿಕೊಂಡಿರಲಿಲ್ಲ. ಕರಣೆ ಸ್ಕೂಟರಿನ ಸೀಟಿನ ಕೆಳಗೆ ಸಿಕ್ಕಿತು, ಹೊರಟುಹೋದೆ. ಅವಳ ಈ ಮಾತುಗಳು ನನಗೆ ಒಂದೊಂದಾಗಿ ನೆನಪಾದದ್ದು ಎರಡು ತಿಂಗಳ ಮೇಲೆ. ಮರುದಿನ ಅವಳು ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಆ ವಾರವೇ ದೊಡ್ಡಮ್ಮ ಬಂದು ನನ್ನ ಅಂಗಿ, ಚಡ್ಡಿ, ಸ್ಲೇಟು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಎರಡು ಮನೆಗಳ ನಡುವಿನ ಬಾಗಿಲಿನಿಂದ ತನ್ನ ಕಡೆಗೆ ಕರೆದುಕೊಂಡು ಹೋದಳು. ಆಮೇಲೆ ಆ ಬಾಗಿಲಿಗೆ ಅಗುಳಿಯೇ ಹಾಕಲಿಲ್ಲ. ಅವಳ ಸ್ವಂತ ಮಗಳು ಒಬ್ಬಳೇ, ಹೊಳಲ್ಕೆರೆಗೆ ಮದುವೆಯಾಗಿ ಹೋದಳು. ಅಪ್ಪ, ದೊಡ್ಡಪ್ಪ ಇಬ್ಬರೂ ಹೋದ ಮೇಲೂ ನಾನು, ನನ್ನ ಹೆಂಡತಿ, ದೊಡ್ಡಮ್ಮ ಒಂದೇ ಒಲೆಯಲ್ಲಿ ಉಂಡೆವು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಗಾರೆ ಕೆಲಸಕ್ಕೆ ಸೇರಿದಾಗ ಮೊದಲ ಕರಣೆ ಕೊಡಿಸಿದವಳೂ ಅವಳೇ.

ಅವಳಿಗೆ ಒಂದು ಅಭ್ಯಾಸವಿತ್ತು. ಬಸಿದ ಬಿಸಿನೀರನ್ನು ಹಿತ್ತಲಿಗೆ ಚೆಲ್ಲುವ ಮುಂಚೆ ನಿಂತು, "ಬಿಸ್ನೀರು ಬರ್ತೈತೆ, ಸರ್ಕಳ್ರಪ್ಪ," ಎನ್ನುತ್ತಿದ್ದಳು. ನೆಲದಲ್ಲಿ ಇರುವೆಯಿರಲಿ, ಹುಳವಿರಲಿ, ಕಣ್ಣಿಗೆ ಕಾಣದ ಇನ್ನೇನೋ ಇರಲಿ, ಅವಕ್ಕೆ ಹೇಳಿ, ಎರಡು ಉಸಿರು ಕಾದು, ಆಮೇಲೆ ಚೆಲ್ಲುವುದು. ನಮ್ಮ ಕಡೆ ಹಳಬರು ಹಲವರು ಹಾಗೆ ಮಾಡುತ್ತಾರೆ. ಆದರೆ ದೊಡ್ಡಮ್ಮ ಸೌದೆ ಮುರಿಯುವಾಗಲೂ ಹೇಳುತ್ತಿದ್ದಳು, ಕಲ್ಲು ಸರಿಸುವಾಗಲೂ ಹೇಳುತ್ತಿದ್ದಳು. ಹೊಸದಾಗಿ ಬಂದಾಗ ನನ್ನ ಹೆಂಡತಿ, ಅತ್ತೆಗೆ ತಲೆ ಸರಿಯಿದೆಯೇ ಎಂದು ನನ್ನನ್ನು ಕೇಳಿದ್ದಳು.

ಕಾರಣ ಇತ್ತು. ಮದುವೆಯಾದ ಹೊಸತರಲ್ಲಿ ದೊಡ್ಡಪ್ಪ ಬೇರೊಬ್ಬರ ಜಮೀನಿನಲ್ಲಿ ಒಕ್ಕಲಿದ್ದರು. ಒಂದು ದಿನ ಹೊಲದಿಂದ ಮನೆಗೆ ಬಂದರೆ ಇವರ ಪಾತ್ರೆ, ಬೀಸುವ ಕಲ್ಲು, ರಾಗಿ ಚೀಲ ಎಲ್ಲ ಅಂಗಳದಲ್ಲಿದ್ದವು, ಮನೆಗೆ ಬೇರೆ ಬೀಗ ಬಿದ್ದಿತ್ತು. "ಎಬ್ಬಿಸಿದ್ದಕ್ಕೆ ಬ್ಯಾಸರಿಲ್ಲ ಕಣಪ್ಪ, ಮನೆ ಅವರ್ದು," ಎಂದು ಹೇಳುತ್ತಿದ್ದಳು. "ಬೆಳಿಗ್ಗೆ ಹೊಲಕ್ಕೆ ಹೋಗಾವಾಗ ಒಂದ್ ಮಾತು ಹೇಳಿದ್ರೆ ಹಾಲಿಗೆ ಹೆಪ್ಪು ಹಾಕ್ತಿರ್ಲಿಲ್ಲ ನಾನು." ಅಂಗಳದಲ್ಲಿ ಮಗುಚಿಬಿದ್ದ ಮೊಸರಿನ ಗಡಿಗೆಯನ್ನು ಅವಳು ಕೊನೆಯವರೆಗೂ ಮರೆಯಲಿಲ್ಲ. ಅಲ್ಲಿಂದ ಎದ್ದು ಬಂದ ಮೇಲೆ ಗಂಡ ಹೆಂಡತಿ ಇಬ್ಬರೇ ಕೆರೆಯ ಮಣ್ಣು ಹೊತ್ತು, ತುಳಿದು, ಈ ಮನೆಯ ಗೋಡೆ ಎತ್ತಿದರು.

ಆ ಗೋಡೆಗೆ ದುಂಬಿಗಳು ಬಂದದ್ದು ಯಾವಾಗ ಎಂದು ಅವಳಿಗೂ ಗೊತ್ತಿರಲಿಲ್ಲ. ಜೇನಿಗಿಂತ ತುಸು ದಪ್ಪ, ಹಿಂಭಾಗಕ್ಕೆ ತಿಳಿನೀಲಿ ಪಟ್ಟೆಗಳು. ಜೇನಿನ ಹಾಗೆ ಒಂದೇ ಹುಟ್ಟು ಕಟ್ಟುವುದಿಲ್ಲ. ಒಂದೊಂದಕ್ಕೂ ಒಂದೊಂದು ತೂತು, ಬೆರಳು ತೂರದಷ್ಟು ಸಣ್ಣದು. ತುಪ್ಪ ಕೊಡುವುದಿಲ್ಲ, ಅಟ್ಟಿಸಿಕೊಂಡು ಬಂದು ಕಚ್ಚುವುದೂ ಇಲ್ಲ. ಊರಿನಲ್ಲಿ ಅವಕ್ಕೆ ಪ್ರತ್ಯೇಕ ಹೆಸರಿರಲಿಲ್ಲ. ದೊಡ್ಡಮ್ಮ ಮಾತ್ರ "ಒಕ್ಕಲು" ಎನ್ನುತ್ತಿದ್ದಳು. "ಈ ವರ್ಷ ಇಪ್ಪತ್ತು ಒಕ್ಲು ಬಂದೈತೆ. ಹೋದ್ ವರ್ಷಕ್ಕಿಂತ ಜಾಸ್ತಿ."

ಅವು ಏನು ಮಾಡುತ್ತವೆ ಎಂದು ಅವಳು ನನಗೆ ತೋರಿಸಿದ್ದು ಬದನೆ ಗಿಡದ ಹತ್ತಿರ ಕೂರಿಸಿ. ದುಂಬಿ ಬಂದು ಹೂವನ್ನು ಅವುಚಿ ಹಿಡಿದುಕೊಂಡಿತು. ರೆಕ್ಕೆ ಅಲುಗಲಿಲ್ಲ, ಆದರೆ ಗಿರ್ರೆಂದು ಸಣ್ಣ ಸದ್ದು ಬಂತು, ಇಡೀ ಹೂವು ನಡುಗಿತು. ದೊಡ್ಡಮ್ಮ ಕೆಳಗೆ ಅಂಗೈ ಒಡ್ಡಿದ್ದಳು. ಅದರ ಮೇಲೆ ಹಳದಿ ಪುಡಿ ಉದುರಿತು, ಜರಡಿ ಹಿಡಿದ ಹಾಗೆ.

"ನೋಡ್ದಾ? ಬದ್ನೆ ಹೂವು ಜಿಪುಣ. ಹಿಡ್ದು ಅಲ್ಲಾಡಿಸಿದ್ರೇನೇ ಬಿಡಾದು. ಜೇನಿಗೆ ಈ ವಿದ್ಯೆ ಬರಲ್ಲ. ನಮ್ಮ ಒಕ್ಲಿಗೆ ಬರ್ತೈತೆ."

ಸಂಜೆ ಇನ್ನೊಂದು ತೋರಿಸುತ್ತಿದ್ದಳು. ಗೋಡೆಯ ಬುಡದಲ್ಲಿ ಒಣಗಿ ನಿಂತ ತುಂಬೆಯ ಕಡ್ಡಿಗಳನ್ನು ಕೀಳಲು ಬಿಡುತ್ತಿರಲಿಲ್ಲ. ಹೊತ್ತು ಇಳಿಯುವಾಗ ಕೆಲವು ದುಂಬಿಗಳು ಬಂದು ಆ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ಒಂದರ ಕೆಳಗೊಂದು ಸಾಲಾಗಿ ಜೋತು ನಿದ್ದೆ ಹೋಗುತ್ತಿದ್ದವು. "ಅವು ಗಂಡಸರು," ಎನ್ನುತ್ತಿದ್ದಳು. "ಹೆಂಗಸರು ಒಳಗೆ ಕೆಲಸ ಮಾಡ್ಕಂಡು ಮನಿಕ್ಕಂತವೆ. ಇವು ಊರೆಲ್ಲ ಸುತ್ತಿ ಬಂದು ಜಗಲಿ ಮ್ಯಾಲೆ. ಥೇಟ್ ನಿಮ್ ದೊಡ್ಡಪ್ಪ." ಅದು ತಮಾಷೆ ಎಂದುಕೊಂಡಿದ್ದೆ. ಹೊರಗೆ ಮಲಗುವವು ಗಂಡೇ ಎಂದು ಕೃಷಿ ಇಲಾಖೆಯವರೊಬ್ಬರು ಬಹಳ ವರ್ಷದ ಮೇಲೆ ಹೇಳಿದರು. ದೊಡ್ಡಮ್ಮನಿಗೆ ತಿಳಿಸಿದೆ. "ಅದ್ನ ಹೇಳಾಕೆ ಓದಬೇಕಿತ್ತೇನು?" ಎಂದಳು.

ಯುಗಾದಿಗೆ ಮುಂಚೆ ಬೀದಿಯ ಹೆಂಗಸರೆಲ್ಲ ಗೋಡೆಗಳಿಗೆ ಕೆಮ್ಮಣ್ಣು ಸಾರಿಸುತ್ತಾರೆ. ದೊಡ್ಡಮ್ಮ ಹಿತ್ತಲ ಗೋಡೆಯನ್ನು ಸಾರಿಸುತ್ತಿರಲಿಲ್ಲ. ಬೀದಿ ಕಡೆಯದು ಮಾತ್ರ. ನನ್ನ ಕಣ್ಣಿಗೆ ಆ ಹಿಂದಿನ ಗೋಡೆ ಸಿಡುಬಿನ ಮುಖದ ಹಾಗೆ ಕಾಣುತ್ತಿತ್ತು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಲ್ಲಿಂದ ಮಗಳು ಹೊಳಲ್ಕೆರೆಗೆ ಕರೆದುಕೊಂಡು ಹೋದಳು. ವಾಪಸು ಬಂದರೆ ದೊಡ್ಡಮ್ಮ ಇನ್ನು ಹಿಂದಿನ ಕೋಣೆಯಲ್ಲೇ ಮಲಗಬೇಕು, ಬಚ್ಚಲು ಅಲ್ಲಿಗೆ ಹತ್ತಿರ. ಆ ಕೋಣೆಯ ಗೋಡೆಯೇ ಈ ತೂತುಗಳ ಗೋಡೆ. ತೂತಿದ್ದರೆ ಚೇಳು ಸೇರುತ್ತದೆ, ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ. ಅವಳಿಗೆ ನಾನು ಏನಾದರೂ ಮಾಡಬೇಕಿತ್ತು. ನನಗೆ ಬರುವುದು ಗೋಡೆ ಕೆಲಸ.

ನನ್ನ ಹೆಂಡತಿ ಒಂದು ಸಲ ಹೇಳಿದಳು. "ಅತ್ತೆಗೆ ಫೋನ್ ಮಾಡಿ ಒಂದ್ ಮಾತು ಕೇಳಬಾರ್ದಾ?"

"ಬಂದು ನೋಡ್ದಾಗ ಖುಷಿಯಾಗ್ಲಿ ಬಿಡು," ಎಂದೆ.

ಮಣ್ಣಿನ ಗೋಡೆಗೆ ಸಿಮೆಂಟು ಹಾಗೇ ಹಿಡಿಯುವುದಿಲ್ಲ. ಮೊದಲು ತಂತಿಯ ಜಾಲರಿಯನ್ನು ಮೊಳೆ ಹೊಡೆದು ಗೋಡೆಗೆ ಬಿಗಿಯಬೇಕು. ಗೇಣಿಗೊಂದು ಮೊಳೆ ಹೊಡೆದೆ. ಆಗ ಒಂದು ದುಂಬಿಯೂ ಹಾರುತ್ತಿರಲಿಲ್ಲ. ತೂತುಗಳೆಲ್ಲ ಮಣ್ಣಿನಿಂದ ಮುಚ್ಚಿದ್ದವು, ಬಿಟ್ಟುಹೋದ ಮನೆಗಳ ಹಾಗೆ. ಎರಡು ದಿನ ಕೂಲಿಗೆ ಹೋಗದೆ, ಮರಳನ್ನು ಎರಡು ಸಲ ಜರಡಿ ಹಿಡಿದು, ನನ್ನ ಕೈಯಿಂದ ಆಗುವಷ್ಟು ನುಣ್ಣಗೆ ತಿಕ್ಕಿದೆ. ಅಷ್ಟು ಚೆನ್ನಾಗಿ ಯಾರ ಮನೆಗೂ ಮಾಡಿರಲಿಲ್ಲ.

ಪುಷ್ಯ ಮಾಸದಲ್ಲಿ ದೊಡ್ಡಮ್ಮ ಬಂದಳು. ಮಾರನೇ ದಿನ ಬೆಳಿಗ್ಗೆ ವಾಕರ್ ಹಿಡಿದು, ಹೆಜ್ಜೆಗೊಮ್ಮೆ ನಿಂತು, ಹಿತ್ತಲಿಗೆ ಬಂದಳು. ನಾನು ಬೇಕೆಂದೇ ಅಲ್ಲಿ ನಿಂತಿದ್ದೆ. ಅವಳು ಗೋಡೆ ನೋಡಿದಳು. ಹತ್ತಿರ ಹೋಗಿ ಅಂಗೈ ಇಟ್ಟಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರುತ್ತಾ ನಡೆದಳು.

"ನುಣ್ಣಗೆ ಮಾಡಿದೀಯ," ಎಂದಳು. "ಕೆಲಸ ಚೆನ್ನಾಗಿ ಬಂದೈತೆ ನಿನ್ ಕೈಗೆ."

ನನಗೆ ಸಂತೋಷವಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು.

"ಅವಕ್ಕೆ ಹೇಳಿದ್ಯಾ?"

"ಯಾರಿಗೆ?"

"ಒಕ್ಲಿಗೆ."

"ಇರ್ಲಿಲ್ವಲ್ಲ ದೊಡ್ಡಮ್ಮ, ಎಲ್ಲ ಹೋಗಿದ್ವು," ಎಂದೆ.

"ಹೋಗಿರ್ಲಿಲ್ಲ ಕಣಪ್ಪ. ದೊಡ್ಡವು ಸತ್ತೋದ್ವು. ಮಕ್ಕಳನ್ನ ಒಳಗೆ ಬಿಟ್ಟು, ಉಣ್ಣಾಕೆ ಇಟ್ಟು, ಬಾಗ್ಲು ಹಾಕಿದ್ವು." ಅವಳು ನನ್ನ ಮುಖ ನೋಡಲಿಲ್ಲ. "ಎಬ್ಬಿಸಾಕೆ ಮುಂಚೆ ಒಂದ್ ಮಾತು ಹೇಳಬೇಕಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆ ಹೊತ್ತಿಗೆ ದೀಪಾವಳಿ ಕಳೆದ ಮೇಲಿನ ಆ ಬೆಳಿಗ್ಗೆ, ಟೀ ಲೋಟ, ಅವಳು ಹೇಳಿದ್ದು, ನಾನು ಹ್ಞೂಂ ಎಂದದ್ದು ಎಲ್ಲವೂ ನೆನಪಾಯಿತು.

ಅವತ್ತೇ ಉಳಿ ಸುತ್ತಿಗೆ ತಂದೆ. ಅವಳು ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕುಳಿತಳು. ಗಾರೆ ಎದ್ದಾಗ ಜಾಲರಿಯ ಜೊತೆ ಮಣ್ಣೂ ಹೆಂಟೆ ಹೆಂಟೆಯಾಗಿ ಬಂತು. ಅದರೊಳಗೆ ಹುಣಸೆ ಬೀಜದಷ್ಟು ದಪ್ಪದ ಮಣ್ಣಿನ ಗುಳಿಗೆಗಳಿದ್ದವು, ಒಳಗೆ ನುಣುಪು, ನನ್ನ ಗಾರೆಗಿಂತ ನುಣುಪು. ಒಡೆದವುಗಳಲ್ಲಿ ಬಿಳಿಯ ಹುಳ ಮುದುರಿ ಮಲಗಿತ್ತು. ಮೊಳೆ ಹೋದ ಕಡೆಯೆಲ್ಲ ಒಡೆದಿದ್ದವು. ದೊಡ್ಡಮ್ಮ ಅಕ್ಕಿ ಆರಿಸುವ ಹಾಗೆ ಒಂದೊಂದೇ ಹೆಂಟೆ ನೋಡಿ, ಗಟ್ಟಿ ಇದ್ದವನ್ನು ಮಣ್ಣಿನ ಸಮೇತ ಒಂದು ಕುಡಿಕೆಗೆ ಹಾಕಿ, ಇರುವೆ ಹತ್ತದ ಹಾಗೆ ನೀರಿನ ತಟ್ಟೆಯ ನಡುವೆ ಇಟ್ಟಳು. ಒಂದು ಹಿಡಿಯಷ್ಟಿದ್ದವು.

ಆಮೇಲೆ ಅವಳಿಗೆ ಒಂದೇ ಚಿಂತೆ ಹಿಡಿಯಿತು. ಉಳಿದವು ಹೊರಗೆ ಬಂದರೆ ಎಲ್ಲಿಗೆ ಹೋಗಬೇಕು? ನಮ್ಮ ಬೀದಿಯಲ್ಲಿ ಮಣ್ಣಿನ ಗೋಡೆ ಉಳಿದದ್ದು ಆರೋ ಏಳೋ ಮನೆಗಳಿಗೆ. ಮಿಕ್ಕವಕ್ಕೆಲ್ಲ ಸಿಮೆಂಟು. ಅವಳು ಬೆರಳು ಮಡಚಿ ಮನೆಗಳ ಹೆಸರು ಹೇಳುತ್ತಾ ಹೋದಾಗ ನಾನು ತಲೆ ಎತ್ತಲಿಲ್ಲ. ಅವುಗಳಲ್ಲಿ ಮುಕ್ಕಾಲು ಪಾಲಿಗೆ ಗಾರೆ ಹಾಕಿದವನು ನಾನೇ.

ಯುಗಾದಿಗೆ ಎರಡು ವಾರ ಇರುವಾಗ, ಹೆಂಗಸರು ಕೆಮ್ಮಣ್ಣು ನೆನೆ ಹಾಕುವ ಹೊತ್ತಿಗೆ, ದೊಡ್ಡಮ್ಮ ವಾಕರ್ ತೆಗೆದುಕೊಂಡು ಬೀದಿಗಿಳಿದಳು. ಮೊದಲು ಹೋದದ್ದು ಎದುರುಮನೆಗೆ. ಎದುರುಮನೆಯಾಕೆ ಬಾಯಿ ಜೋರು, ದೊಡ್ಡಮ್ಮನನ್ನು ಅತ್ತೆ ಎಂದು ಕರೆಯುತ್ತಾಳೆ. ಅವಳ ಗಂಡ ಕಾಲುವೆ ಪಕ್ಕದಲ್ಲಿ ಬದನೆ ಬೆಳೆಯುತ್ತಾನೆ.

"ಹಿತ್ಲ ಗೋಡೇಲಿ ಒಂದ್ ಮೊಳ ಸಾರಿಸದೆ ಬಿಡು ತಾಯಿ. ಬಿಸ್ಲು ಬೀಳೋ ಕಡೆ."

"ಹಬ್ಬದ ದಿನ ಬೋಳು ಬಿಟ್ರೆ ನೆಂಟ್ರು ಏನಂತಾರೆ ಅತ್ತೆ? ಮಣ್ಣಿಗೂ ಗತಿಯಿಲ್ಲ ಅಂತಾರೆ."

"ನೆಂಟ್ರಿಗೆ ಹೋಳ್ಗೆ ಹಾಕು. ಹಿತ್ಲಿಗ್ಯಾಕೆ ಕರ್ಕಂಡು ಹೋಗ್ತೀಯ?"

"ನಿಮ್ಮ ದುಂಬಿಗೆ ನಿಮ್ಮನೆ ಸಾಲ್ದೇನು?"

"ನಮ್ಮನೇಲಿ ಒಕ್ಲು ಎದ್ದೋಯ್ತು," ಎಂದಳು ದೊಡ್ಡಮ್ಮ. ಯಾರು ಎಬ್ಬಿಸಿದ್ದು ಎಂದು ಹೇಳಲಿಲ್ಲ. ಯಾವ ಮನೆಯಲ್ಲೂ ಹೇಳಲಿಲ್ಲ.

ಎದುರುಮನೆಯಾಕೆ ಕುರ್ಚಿ ಎಳೆದು ಹಾಕಿ, "ಕುಂತ್ಕಳ್ರಿ, ಟೀ ಇಡ್ತೀನಿ," ಎಂದಳು. ಬಿಡುತ್ತೇನೆ ಎಂಬುದಕ್ಕೆ ಅವಳ ಭಾಷೆ ಅದು.

ಗಂಡನ ಹತ್ತಿರ ಅಷ್ಟು ಸುಲಭವಾಗಲಿಲ್ಲ. ಅವನು ಬದನೆಗೆ ಔಷಧಿ ಹೊಡೆಯುವುದು ಬೆಳಿಗ್ಗೆ ಒಂಬತ್ತಕ್ಕೆ, ಹೂವಿನ ಮೇಲೆ ದುಂಬಿ ಕೂರುವ ಹೊತ್ತಿಗೆ ಸರಿಯಾಗಿ.

"ಹೊಡಿಯದೇ ಬ್ಯಾಡ ಅಂತ ನಾನು ಅನ್ನಲ್ಲ. ಹೊತ್ತು ಮುಳುಗಾವಾಗ ಹೊಡಿ. ಆಗ ಅವು ಮನೆ ಸೇರಿರ್ತವೆ."

"ಸಾಯಂಕಾಲ ಹೊಡದ್ರೆ ಔಷಧಿ ಕೆಲ್ಸ ಮಾಡಲ್ಲ ಚಿಕ್ಕಮ್ಮ."

"ನೀನು ಬಿಪಿ ಮಾತ್ರೆ ಯಾವಾಗ ತಗಂತೀಯ?"

"ರಾತ್ರಿ ಉಂಡ್ಕಂಡು."

"ಮತ್ತೆ ಅದು ಹೆಂಗೆ ಕೆಲ್ಸ ಮಾಡ್ತೈತೆ?"

ಅವನ ಹೆಂಡತಿ ಒಳಗಿನಿಂದ ನಕ್ಕುಬಿಟ್ಟಳು. ಅವನು, "ಒಂದ್ ಸಲ ನೋಡಾಣ," ಎಂದ. ನೋಡಿದ. ಆಮೇಲೆ ಬದಲಾಯಿಸಲಿಲ್ಲ.

ಹೀಗೆ ಹದಿನೈದು ದಿನ ನಡೆದಳು. ಮಣ್ಣಿನ ಗೋಡೆಯವರು ಒಂದು ಮೊಳ ಬಿಟ್ಟರು. ಸಿಮೆಂಟಿನ ಮನೆಯವರ ಹಿತ್ತಲಿನಲ್ಲಿ ಕಲ್ಲಿನ ಕಾಂಪೌಂಡ್ ಇದ್ದರೆ ಅದರ ಸಂದಿಗಳಿಗೆ ಮಣ್ಣು ಮೆತ್ತಿಸಿದಳು, ಮೆತ್ತಿದವನು ನಾನು. ಕಾಲುವೆ ದಂಡೆಯ ತಂಗಡಿ, ತುಂಬೆ ಗಿಡಗಳನ್ನು ಬೇಸಿಗೆಯಲ್ಲಿ ಸುಡುವುದು ವಾಡಿಕೆ. ಆ ವರ್ಷ ಸುಡಲು ಹೋದವರಿಗೆ ಅವರವರ ಮನೆಯ ಹೆಂಗಸರೇ ಬೆಂಕಿಪೊಟ್ಟಣ ಕೊಡಲಿಲ್ಲ. ಒಬ್ಬಾತ, "ಮುದುಕಿಗೆ ಮಾಡಾಕೆ ಬೇರೆ ಕೆಲ್ಸ ಇಲ್ಲ," ಎಂದು ಕಟ್ಟೆಯ ಮೇಲೆ ಅಂದನಂತೆ. "ಹೌದಲ್ಲಪ್ಪ, ಇಲ್ಲ," ಎಂದಳು ದೊಡ್ಡಮ್ಮ ಅದನ್ನು ಕೇಳಿ.

ನಾನು ಈ ನಡುವೆ ನಮ್ಮ ಗೋಡೆಯನ್ನು ಮತ್ತೆ ಸರಿಮಾಡಿದೆ. ಗಾರೆಯ ಜೊತೆ ಎದ್ದ ಅದೇ ಮಣ್ಣು, ಅದಕ್ಕೆ ಕೆರೆಯ ಮಣ್ಣು ಸೇರಿಸಿ, ಕಾಲಲ್ಲಿ ತುಳಿದು ಮೆತ್ತಿದೆ. ಕರಣೆ ಮುಟ್ಟಲಿಲ್ಲ, ಕೈಯಲ್ಲೇ ಮಾಡಿದೆ. ದೊಡ್ಡಮ್ಮ ನೋಡಿ, "ಇಷ್ಟು ಸಾಕು, ಇನ್ನ ಮುಟ್ಟಬ್ಯಾಡ," ಎಂದಳು.

ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮೇಲೆ ಕುಡಿಕೆಯಲ್ಲಿ ಸದ್ದಾಯಿತು. ಮೂರು ದಿನ ಒಂದೊಂದಾಗಿ ಹೊರಬಂದು, ಕುಡಿಕೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಹಾರಿಹೋದವು. ಹನ್ನೊಂದು. ನಮ್ಮ ಗೋಡೆಯ ಮುಂದೆ ಒಂದೂ ನಿಲ್ಲಲಿಲ್ಲ.

ಒಂದು ವಾರದ ಮೇಲೆ ಎದುರುಮನೆಯಾಕೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಅತ್ತೇ! ನಿಮ್ಮ ಒಕ್ಲು ನಮ್ಮನೆಗೆ ಬಂದೈತೆ! ಬಾಡ್ಗೆ ಯಾರು ಕೊಡ್ತಾರೆ?"

"ಬದ್ನೆಕಾಯಿ ಕೊಡ್ತವೆ ಇಸ್ಕಾ," ಎಂದು ದೊಡ್ಡಮ್ಮ ಕೂತಲ್ಲಿಂದಲೇ ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, "ನಡಿ, ನೋಡ್ಕಂಡು ಬರಾಣ," ಎಂದಳು.

ಅವರ ಹಿತ್ತಲ ಗೋಡೆಯಲ್ಲಿ, ಸಾರಿಸದೆ ಬಿಟ್ಟ ಆ ಮೊಳದಲ್ಲಿ, ಐದು ತೂತುಗಳಿದ್ದವು. ನಾವು ನೋಡುತ್ತಿದ್ದಂತೆ ಒಂದು ದುಂಬಿ ಮಣ್ಣು ಹೊತ್ತು ಹಿಮ್ಮುಖವಾಗಿ ಹೊರಗೆ ಬಂತು. ಕುಡಿಕೆಯಿಂದ ಹೋದವೇ ಇವು ಎಂದು ಹೇಳಲು ಬರುವುದಿಲ್ಲ. ಕಾಲುವೆ ದಂಡೆಯಿಂದ ಬಂದಿರಬಹುದು. ದೊಡ್ಡಮ್ಮ ಅದನ್ನು ಕೇಳಲಿಲ್ಲ. ಬಹಳ ಹೊತ್ತು ಅಲ್ಲೇ ನಿಂತಳು. ಆ ಮಳೆಗಾಲವೆಲ್ಲ ದಿನವೂ ಬೀದಿ ದಾಟಿ ಅವರ ಹಿತ್ತಲಿಗೆ ಹೋಗುತ್ತಿದ್ದಳು, ಅವರೂ ಅವಳಿಗೆಂದು ಒಂದು ಕುರ್ಚಿ ಅಲ್ಲೇ ಬಿಟ್ಟಿದ್ದರು.

ಒಂದು ದಿನ ಕೇಳಿದೆ. "ನಮ್ಮ ಗೋಡೆಗೆ ಯಾವಾಗ ಬರ್ತವೆ ದೊಡ್ಡಮ್ಮ?"

"ಒಕ್ಲು ಎದ್ದ ಮನೆಗೆ ಮತ್ತೆ ಒಕ್ಲು ಬರಾದು ತಡ ಕಣಪ್ಪ." ನನ್ನ ಮುಖ ನೋಡಿರಬೇಕು, ಕೈ ಚಾಚಿ ನನ್ನ ಮಂಡಿಯ ಮೇಲಿಟ್ಟಳು. "ಬರ್ತವೆ. ಗೋಡೆ ಹಳೇದಾಗ್ಬೇಕು."

ಭಾದ್ರಪದದಲ್ಲಿ ಜ್ವರ ಬಂತು. ಮೂರು ದಿನ ಮಲಗಿದಳು, ನಾಲ್ಕನೇ ದಿನ ಮಧ್ಯಾಹ್ನ ಹೋದಳು. ಮಣ್ಣಿಗೆ ಒಯ್ಯುವಾಗ ಎದುರುಮನೆಯಾತ ಹೆಗಲು ಕೊಟ್ಟ. ಅವನ ಹೆಂಡತಿ ಆ ವಾರದ ಬದನೆಕಾಯಿಯನ್ನೆಲ್ಲ ತಂದು ತಿಥಿಯ ಅಡುಗೆಗೆ ಸುರಿದಳು.

ನಾನು ಈಗಲೂ ಗಾರೆ ಕೆಲಸವನ್ನೇ ಮಾಡುತ್ತೇನೆ. ಹಿರಿಯೂರು, ಹೊಸದುರ್ಗ, ಎಲ್ಲಿ ಕರೆದರೂ ಹೋಗುತ್ತೇನೆ. ಹಳೆಯ ಮಣ್ಣಿನ ಮನೆಗೆ ಗಾರೆ ಹಾಕಲು ಹೇಳಿದರೆ ಮೊದಲು ಹಿಂದಿನ ಗೋಡೆ ನೋಡುತ್ತೇನೆ, ತೂತಿದ್ದರೆ ಅಷ್ಟು ಜಾಗ ಬಿಡಿ ಎನ್ನುತ್ತೇನೆ. ಕೆಲವರು ಬಿಡುತ್ತಾರೆ. ಕೆಲವರು ನಕ್ಕು ಬೇರೆ ಮೇಸ್ತ್ರಿಯನ್ನು ಕರೆಯುತ್ತಾರೆ. ನಮ್ಮ ಬೀದಿಯಲ್ಲಿ ಯುಗಾದಿಗೆ ಒಂದು ಮೊಳ ಬಿಡುವುದನ್ನು ಈಗ ಯಾರೂ ಹೇಳಿಸಿಕೊಳ್ಳುವುದಿಲ್ಲ. ಹೊಸದಾಗಿ ಬಂದ ಸೊಸೆಯಂದಿರು ಅದು ಹಳೆಯ ಕಾಲದ ಶಾಸ್ತ್ರ ಎಂದೇ ತಿಳಿದಿದ್ದಾರೆ. ಹೋದ ವರ್ಷ ನಾಲ್ಕು ಮನೆಗಳ ಗೋಡೆಗೆ ದುಂಬಿ ಬಂದಿತ್ತು, ಈ ವರ್ಷ ಆರು.

ದೊಡ್ಡಮ್ಮ ಹೋಗಿ ಎರಡು ಯುಗಾದಿ ಕಳೆದವು. ನಮ್ಮ ಹಿತ್ತಲ ಗೋಡೆಯನ್ನು ನಾನು ಮುಟ್ಟಿಲ್ಲ. ಅದರಲ್ಲಿ ಇನ್ನೂ ಒಂದು ತೂತೂ ಇಲ್ಲ.